ದೂರದ ಲೆನ್ಸು, ಹತ್ತಿರದ ಲೆನ್ಸು

ನಯೀಮ್ ನನ್ನ ಲೆನ್ಸನ್ನು ಟ್ಯೂಬ್‌ಲೈಟಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಯಾವ ಕಣ್ಣಿನಿಂದ ನೋಡಿದರೂ ಒಳಗಿದ್ದದ್ದು ಫಂಗಸ್ಸೇ.

"ಜೇಡರ ಬಲೆ ಇದ್ದಂಗೆ ಹಬ್ಬೈತೆ ಅಕ್ಕ," ಎಂದ. "ಎಷ್ಟು ದಿನ ಬ್ಯಾಗ್‌ನಾಗ ಇಟ್ಟಿದ್ರಿ?"

"ಮಳೆಗಾಲ ಪೂರ್ತಿ."

"ಒಂದ್ಸಲನಾದ್ರೂ ಬಿಸಿಲಿಗೆ ಇಡಬೇಕಿತ್ತು."

ಇಡಬೇಕಿತ್ತು. ನನ್ನ ಗಂಡ ಮಾಲತೇಶ್ ತೀರಿಹೋಗಿ ಆಗ ಒಂಬತ್ತು ತಿಂಗಳು. ಒಂದು ಬೆಳಿಗ್ಗೆ ಹರಿಹರದ ನಮ್ಮ ಸ್ಟುಡಿಯೋದ ಶಟರ್ ಎತ್ತಿದವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು, ಮತ್ತೆ ಏಳಲಿಲ್ಲ. ಅವತ್ತು ಕ್ಯಾಮೆರಾ ಬ್ಯಾಗು ಕಪಾಟಿನ ಕೆಳಗಿನ ಅರೆಯಲ್ಲಿತ್ತು, ಅಲ್ಲೇ ಉಳಿಯಿತು. ನಮ್ಮದು ಹೊಳೆ ಪಕ್ಕದ ಊರು, ಮಳೆಗಾಲದಲ್ಲಿ ಗೋಡೆಗಳೇ ತೇವ ಕುಡಿದು ನಿಲ್ಲುತ್ತವೆ. ಲೆನ್ಸು ಬಿಡುತ್ತದೆಯೇ?

ನಾನು ಅತ್ತಿರಲಿಲ್ಲ. ಮಣ್ಣು ಮಾಡಿ ಬಂದ ದಿನವೂ ಇಲ್ಲ, ಆಮೇಲೂ ಇಲ್ಲ. ಜನ ಗಟ್ಟಿಗಿತ್ತಿ ಅಂದರು. ಜನಕ್ಕೆ ಏನಾದರೂ ಒಂದು ಅನ್ನಲೇಬೇಕಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಕೊಟ್ಟಮೇಲೆ ಕೆನ್ನೆ ಇರುತ್ತದಲ್ಲ, ನಾನು ಹಾಗಿದ್ದೆ. ಮುಟ್ಟಿಕೊಂಡರೆ ಯಾರದೋ ಕೆನ್ನೆ. ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕೆಂದು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ "ಗದ್ದ ಸ್ವಲ್ಪ ಕೆಳಗ ಮಾಡ್ರಿ" ಅನ್ನುತ್ತಿದ್ದೆ. ಅದಕ್ಕೆ ಹಳೆಯ ಸಣ್ಣ ಕ್ಯಾಮೆರಾ ಸಾಕಾಗುತ್ತಿತ್ತು.

ನಯೀಮ್ ಲೆನ್ಸಿನ ರಿಂಗ್ ತಿರುಗಿಸಿ, ಅದರ ರಬ್ಬರಿನ ಗೀರುಗಳ ಸಂದಿಯಿಂದ ಉಗುರಿನಲ್ಲಿ ಏನನ್ನೋ ಕೆರೆದ. ಹಳದಿ ಪುಡಿ ಬಂತು.

"ಏನಿದು?"

"ಅರಿಶಿಣ," ಎಂದೆ.

ಮದುವೆ ಮನೆಗಳಲ್ಲಿ ಸ್ಟೇಜಿನ ಫೋಟೋ ಮಾಲತೇಶರದು, ಒಳಗಿನದು ನನ್ನದು. ಹುಡುಗಿಗೆ ಅರಿಶಿಣ ಹಚ್ಚುವಾಗ, ಬಳೆ ಇಡಿಸುವಾಗ, ಸೀರೆ ಉಡಿಸುವ ಕೋಣೆಯಲ್ಲಿ ಗಂಡಸರಿಗೆ ಪ್ರವೇಶವಿಲ್ಲ. ನಾನು ಹೆಂಗಸರ ನಡುವೆ ಕುಕ್ಕರುಗಾಲಲ್ಲಿ ಕೂತು ತೆಗೆಯುತ್ತಿದ್ದೆ. ಯಾರಾದರೂ ಒಬ್ಬರು "ಇವಳಿಗೂ ಹಚ್ರೇ" ಎಂದು ನನ್ನ ಕೆನ್ನೆಗೂ ಬಳಿಯುತ್ತಿದ್ದರು. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು, ಕ್ಯಾಮೆರಾ ಹಳದಿಯಾಗುತ್ತಿತ್ತು. ಹರಿಹರ ತಾಲ್ಲೂಕಿನ ಅದೆಷ್ಟೋ ಮದುವಣಗಿತ್ತಿಯರ ಅರಿಶಿಣ ಆ ಗೀರುಗಳಲ್ಲಿತ್ತು. ನಯೀಮ್ ಅದನ್ನು ಟೇಬಲ್ಲಿನ ಮೇಲೆ ಕೊಡವಿ, ಬಾಯಿಂದ ಊದಿದ.

"ಇದು ಕ್ಲೀನ್ ಮಾಡಿದ್ರೂ ಉಳಿಯಲ್ಲ ಅಕ್ಕ. ಬೇರೆ ತಗೊಳ್ರಿ."

ಬೇರೆ ತೆಗೆದುಕೊಳ್ಳಲಿಕ್ಕೆಂದೇ ನಾನು ದಾವಣಗೆರೆಗೆ ಬಂದಿದ್ದೆ. ಸಾರಥಿ ಊರಿನ ಕೆಂಚವೀರಪ್ಪ ಹಿಂದಿನ ವಾರ ಸ್ಟುಡಿಯೋಕ್ಕೆ ಬಂದಿದ್ದರು. ರೈತರು, ಹಳೇ ಗಿರಾಕಿ. ಅವರ ದೊಡ್ಡ ಮಗಳ ಮದುವೆಯನ್ನು ನಾವೇ ತೆಗೆದಿದ್ದೆವು. "ಆಶಾಳ ಮದುವಿ ಐತೆ, ಹರಿಹರದಾಗ. ಅದರ ಮುಂಚೆ ಅರಿಶಿಣ ನಮ್ಮೂರಾಗ. ನೀವೇ ಬರಬೇಕು," ಎಂದರು. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಗಂಡ ಸತ್ತವಳನ್ನು ಶುಭಕಾರ್ಯಕ್ಕೆ ಕರೆಯುವುದು ಸುಲಭದ ಮಾತಲ್ಲ. ಅವರು ಕರೆದರು. ಅದು ದೊಡ್ಡತನ ಎಂದು ನನಗೆ ತಿಳಿಯುತ್ತಿತ್ತು, ಅನ್ನಿಸುತ್ತಿರಲಿಲ್ಲ.

ಅದಕ್ಕೆ ಮುಂಚೆ ಒಬ್ಬರು ಗೃಹಪ್ರವೇಶಕ್ಕೆ ಹೇಳಿ, ಹಿಂದಿನ ದಿನ ಫೋನ್ ಮಾಡಿ, "ಬ್ಯಾರೆಯವರಿಗೆ ಹೇಳೀವಿ, ತಪ್ಪು ತಿಳ್ಕೋಬ್ಯಾಡ್ರಿ" ಅಂದಿದ್ದರು. ನಾನು ತಪ್ಪು ತಿಳಿದುಕೊಳ್ಳಲಿಲ್ಲ. ಸರಿಯೂ ತಿಳಿದುಕೊಳ್ಳಲಿಲ್ಲ. ಫೋನ್ ಇಟ್ಟು ಅನ್ನಕ್ಕಿಟ್ಟೆ. ಆದರೆ ಒಂದು ಲೆಕ್ಕ ಮಾತ್ರ ತಲೆಯಲ್ಲಿ ಕೂತಿತ್ತು: ಆಶಾಳ ಮದುವೆಯಲ್ಲಿ "ಆಕಿ ಎದುರಿಗೆ ಬಂದ್ಲು" ಎಂಬ ಒಂದು ಮಾತು ಎದ್ದರೆ ಮುಂದೆ ಯಾರೂ ಕರೆಯುವುದಿಲ್ಲ. ಮಾತು ಏಳದಿದ್ದರೆ ಸ್ಟುಡಿಯೋ ಉಳಿಯುತ್ತದೆ. ಅದಕ್ಕೆ ಎಂಥ ಲೆನ್ಸು ಬೇಕೆಂದು ಬಸ್ಸಿನಲ್ಲೇ ನಿರ್ಧಾರ ಮಾಡಿಕೊಂಡಿದ್ದೆ.

ಅಶೋಕ ರಸ್ತೆಯ ಹಿಂದಿನ ಓಣಿಯಲ್ಲಿ ನಯೀಮ್‌ನ ಅಂಗಡಿ. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ, ಲೆನ್ಸು, ರಿಪೇರಿ. ಈಗ ಎಲ್ಲರೂ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗುತ್ತಿರುವುದರಿಂದ ನಮ್ಮಂಥ ಹಳೇ ಡಿಎಸ್‌ಎಲ್‌ಆರ್ ಲೆನ್ಸುಗಳು ಅವನ ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿದ್ದವು. ಅವನು ಎರಡನ್ನು ಮುಂದಿಟ್ಟ.

"ನೋಡ್ರಿ. ಇದು ಟ್ವೆಂಟಿಫೋರ್-ಸೆವೆಂಟಿ, ಟೂ ಪಾಯಿಂಟ್ ಎಯ್ಟ್. ಭಾರ ಐತೆ, ಆದ್ರೆ ಕತ್ತಲದಾಗೂ ಕೆಲಸ ಮಾಡ್ತೈತೆ. ಮದುವಿ ಕೆಲಸಕ್ಕೆ ಇದನ್ನ ಬಿಟ್ರೆ ಇಲ್ಲ. ಇದು ಟ್ವೆಂಟಿಫೋರ್-ಒನ್‌ನಾಟ್‌ಫೈವ್, ಎಫ್ ಫೋರ್. ಹಗುರ. ದೂರದ್ದು ಎಳಿತೈತೆ. ಆದ್ರೆ ಬೆಳಕು ಬೇಕು."

ಮೊದಲನೆಯದರ ಮುಂದಿನ ಗಾಜು ಊಟದ ಬಟ್ಟಲಿನಷ್ಟು ಅಗಲ. ಅದರಲ್ಲಿ ಮುಖ ತೆಗೆಯಬೇಕಾದರೆ ಎರಡು ಹೆಜ್ಜೆ ಹತ್ತಿರ ಹೋಗಿ ನಿಲ್ಲಬೇಕು. ಎರಡನೆಯದರಲ್ಲಿ ಹಿಂದೆ ಸರಿದು ನಿಂತರೂ ಮುಖ ಹತ್ತಿರ ಬರುತ್ತದೆ.

ನಯೀಮ್ ಗೋಡೆಗೆ ಒಂದು ಪೇಪರಿನ ಹಾಳೆ ಅಂಟಿಸಿದ್ದ. ಗಿರಾಕಿಗಳು ಅದರ ಫೋಟೋ ತೆಗೆದು ಮೂಲೆಯ ಅಕ್ಷರ ಸ್ಪಷ್ಟವಾಗಿದೆಯೇ ಎಂದು ನೋಡುತ್ತಾರೆ. ನಾನು ಅದರ ಕಡೆ ತಿರುಗಲಿಲ್ಲ. ದೂರದ್ದು ಎಳೆಯುವ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ, ನಯೀಮ್‌ನ ಮುಖಕ್ಕೆ ಹಿಡಿದು, ಹಿಂದೆ ಹಿಂದೆ ಹೋದೆ. ಬಾಗಿಲು ದಾಟಿದೆ. ಮೆಟ್ಟಿಲಿಳಿದೆ. ಅವನ ಮುಖ ಇನ್ನೂ ಚೌಕಟ್ಟಿನ ತುಂಬ ಇತ್ತು.

"ಅಕ್ಕ, ಹಿಂದ ರೋಡ್ ಐತೆ," ಎಂದು ಅವನು ಕೂಗಿದ. ಒಂದು ಆಟೋ ಹಾರ್ನ್ ಹೊಡೆದು ಸುತ್ತು ಹಾಕಿ ಹೋಯಿತು.

"ಇದು ಕೊಡ್ರಿ," ಎಂದೆ.

ಅವನಿಗೆ ಸಮಾಧಾನವಾಗಲಿಲ್ಲ. "ಅರಿಶಿಣದ ಫಂಕ್ಷನ್ ಹಳ್ಳಿ ಮನ್ಯಾಗ ಅಂತೀರಿ. ಕತ್ತಲ ಇರ್ತೈತೆ. ನೀವು ಯಾವತ್ತೂ ಹತ್ರ ಹೋಗಿ ತಗಿಯೋರು. ನಿಮಗ್ಯಾಕ ಇದು?"

"ದೂರದಿಂದ ಸಿಗಬೇಕು ನಂಗೆ."

ಅವನು ನನ್ನ ಮುಖ ನೋಡಿದ, ಹಣೆ ನೋಡಿದ, ಮತ್ತೆ ಲೆನ್ಸು ನೋಡಿದ. ಮಾಲತೇಶರ ಜೊತೆ ಅವನದು ಇಪ್ಪತ್ತು ವರ್ಷದ ಸ್ನೇಹ. ಸಮಾಧಾನದ ಮಾತೊಂದು ಬರುತ್ತದೇನೋ ಎಂದು ನಾನು ಬೇರೆ ಕಡೆ ತಿರುಗಿದೆ. ಬರಲಿಲ್ಲ. ಒಳ್ಳೆಯ ಮನುಷ್ಯ.

"ಈಗ್ಲೇ ದುಡ್ಡು ಬ್ಯಾಡ," ಎಂದ. "ಒಂದು ಫಂಕ್ಷನ್ ಮಾಡಿ ನೋಡ್ರಿ. ಆಮೇಲೆ ಹೇಳ್ರಿ." ಅವನ ಅಂಗಡಿಯ ಪದ್ಧತಿಯೇ ಹಾಗೆ. ಗುರುತಿನವರಿಗೆ ಲೆನ್ಸನ್ನು ಒಂದು ಫಂಕ್ಷನ್ನಿನ ಮಟ್ಟಿಗೆ ಬಿಟ್ಟುಕೊಡುತ್ತಾನೆ. "ಮತ್ತೊಂದು ಮಾತು. ಪೂರ್ತಿ ಅಗಲ, ಇಪ್ಪತ್ನಾಲ್ಕಕ್ಕ ಇಟ್ಟಾಗ ಅಂಚಿಗೆ ಮನುಷ್ಯಾರ್ನ ನಿಲ್ಲಿಸಬ್ಯಾಡ್ರಿ. ಎರಡರಾಗೂ ಅಷ್ಟ, ಅಂಚಿಗಿದ್ದವರ ಮುಖ ಅಗಲ ಆಗ್ತೈತೆ."

"ಗೊತ್ತೈತೆ," ಎಂದೆ.

ಸಾರಥಿಯಲ್ಲಿ ಕೆಂಚವೀರಪ್ಪನವರದು ಹಳೇ ಕಾಲದ ಮನೆ. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಹೊಗೆ ಹಿಡಿದು ಕಪ್ಪಾದ ತೊಲೆಗಳು. ಫ್ಲ್ಯಾಶನ್ನು ಮೇಲಕ್ಕೆ ಹೊಡೆದರೆ ಆ ಕಪ್ಪು ಅದನ್ನು ನುಂಗಿ ಸುಮ್ಮನಾಗುತ್ತಿತ್ತು. ಪಡಸಾಲೆಯ ನಡುವೆ ಮಣೆ ಹಾಕಿ ಆಶಾಳನ್ನು ಕೂರಿಸಿದ್ದರು. ಸುತ್ತ ಮುತ್ತೈದೆಯರು. ಆಶಾ ನನ್ನನ್ನು ನೋಡಿ ನಕ್ಕಳು. ಅವಳ ಅಕ್ಕನ ಮದುವೆಯಲ್ಲಿ ಇವಳು ಲಂಗ ಉಟ್ಟು ನನ್ನ ಕ್ಯಾಮೆರಾ ಬ್ಯಾಗ್ ಹೊತ್ತು ತಿರುಗುತ್ತಿದ್ದಳು.

ನಾನು ಒಳಗೆ ಹೋಗಿ ಯಾರನ್ನೂ ಏನೂ ಕೇಳಲಿಲ್ಲ. ಅಡುಗೆಮನೆ ಬಾಗಿಲ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಪಡಸಾಲೆಯಲ್ಲಿ ಅದಕ್ಕಿಂತ ದೂರದ ಜಾಗವಿರಲಿಲ್ಲ. ರಿಂಗನ್ನು ಕೊನೆಯವರೆಗೆ ತಿರುಗಿಸಿದೆ. ಆಶಾಳ ಮುಖ ಹತ್ತಿರ ಬಂತು. ಸರಿಯಾಗಿ ಬಂತು. ಲೆನ್ಸು ತನ್ನ ಕೆಲಸ ಮಾಡುತ್ತಿತ್ತು.

ಆದರೆ ನಡುವೆ ಮನುಷ್ಯರಿದ್ದರಲ್ಲ. ಒಬ್ಬರ ತುರುಬು ಬಂತು, ಇನ್ನೊಬ್ಬರ ಮೊಣಕೈ ಬಂತು, ತಟ್ಟೆ ಹಿಡಿದವರ ಬೆನ್ನು ಬಂದು ಅಲ್ಲೇ ನಿಂತಿತು. ಆ ಬೆನ್ನು ಸರಿಯುವ ತನಕ ಕಾಯ್ದೆ. ಸರಿದಾಗ ಕೆನ್ನೆಗೆ ಅರಿಶಿಣ ಹಚ್ಚುವ ಕೈ ಮಂಜುಮಂಜಾಗಿ ಬಂತು. ನನ್ನ ಕೈ ಅಲ್ಲಾಡಿದರೆ ಈ ಲೆನ್ಸು ಸುಧಾರಿಸಿಕೊಳ್ಳುತ್ತದೆ, ಹಚ್ಚುವವರ ಕೈ ಅಲ್ಲಾಡಿದರೆ ಅದೇನು ಮಾಡೀತು? ಬೆಳಕೂ ಸಾಲದು. ನಯೀಮ್ ಹೇಳಿದ್ದ.

"ಏನ್ ಕಾಣ್ತೈತೆ ಅದ್ರಾಗ?" ಎಂದು ಕೆಳಗಿನಿಂದ ಒಂದು ದನಿ ಬಂತು.

ನನ್ನ ಕಾಲ ಬಳಿ, ಅಡುಗೆಮನೆ ಹೊಸ್ತಿಲ ಒಳಗೆ, ಮರಿಯವ್ವ ಕೂತಿದ್ದರು. ಕೆಂಚವೀರಪ್ಪನವರ ತಾಯಿ, ಆಶಾಳ ಅಜ್ಜಿ. ನಾನು ನಿಂತ ಮೇಲೆ ಬಂದು ಕೂತರೋ, ಮೊದಲೇ ಕೂತಿದ್ದರೋ ಗಮನಿಸಿರಲಿಲ್ಲ. ಬೋಳು ಹಣೆ, ಬೋಳು ಕೈ, ತಲೆ ಮೇಲೆ ಸೆರಗು. ತಟ್ಟೆಯಲ್ಲಿದ್ದ ಅರಿಶಿಣ ಅವರ ಹಿತ್ತಲಿನದು, ನೆಟ್ಟು ನೀರು ಹಾಕಿ ಕಿತ್ತವರು ಅವರೇ ಎಂದು ಆಶಾಳ ತಾಯಿ ಆಗಲೇ ಎಲ್ಲರಿಗೂ ಹೇಳಿಯಾಗಿತ್ತು.

"ನಿಮ್ಮ ಮೊಮ್ಮಗಳು ಕಾಣ್ತಾಳೆ ಅಜ್ಜಿ."

"ನಂಗೆ ಬರೇ ಬೆನ್ನು ಕಾಣ್ತಾವು. ಎಲ್ಲಿ, ತೋರ್ಸು."

ಕ್ಯಾಮೆರಾದ ಹಿಂದಿನ ಪರದೆಗೆ ಚಿತ್ರ ಬರುವಂತೆ ಮಾಡಿ, ಬಗ್ಗಿ, ಅವರ ಮುಖದ ಮುಂದೆ ಹಿಡಿದೆ. ಅಲ್ಲಿ ಆಶಾ ಕಣ್ಣು ಮುಚ್ಚಿ ನಗುತ್ತಿದ್ದಳು. ಯಾರದೋ ಕೈ ಅವಳ ಗದ್ದಕ್ಕೆ ಅರಿಶಿಣ ಬಳಿಯುತ್ತಿತ್ತು.

"ಅಯ್ಯ, ಇಷ್ಟು ಹತ್ರ ಬಂದ್ಲಲ್ಲ ಕೂಸು," ಎಂದರು ಮರಿಯವ್ವ. ಸೆರಗಿನಿಂದ ಬಲಗೈ ಹೊರತೆಗೆದು, ಬೆರಳಿನಿಂದ ಪರದೆಯ ಮೇಲೆ ಆಶಾಳ ಕೆನ್ನೆ ಸವರಿದರು. ಅರಿಶಿಣ ಹಚ್ಚುವ ಹಾಗೆಯೇ, ಕೆಳಗಿನಿಂದ ಮೇಲಕ್ಕೆ. ಆಮೇಲೆ ಯಾರಾದರೂ ನೋಡಿದರೇನೋ ಎಂದು ಆಚೀಚೆ ನೋಡಿ ಕೈ ಒಳಗೆ ಎಳೆದುಕೊಂಡರು.

ಆಶಾ ಕೂತಿದ್ದ ಮಣೆಗೂ ನಮಗೂ ನಡುವೆ ಒಂದು ಚಾಪೆಯಷ್ಟು ಜಾಗ.

"ಮುಂದ ಹೋಗಿ ಕೂಡ್ರಿ ಅಜ್ಜಿ," ಎಂದೆ.

"ನೀನ್ಯಾಕ ಇಲ್ಲೇ ನಿಂತಿ?"

"ನಂಗೆ ಇಲ್ಲಿಂದಾನೇ ಸಿಗ್ತೈತೆ. ಹೊಸ ಲೆನ್ಸು."

"ಇಲ್ಲಿ ನಿಲ್ಲು ಅಂತ ಯಾರರ ಅಂದ್ರಾ?"

"ಇಲ್ಲ."

"ನಂಗೂ ಯಾರೂ ಅಂದಿಲ್ಲ," ಎಂದರು ಮರಿಯವ್ವ. "ನಮ್ಮತ್ತೆ ಇದ್ದಾಗ ಅಂದಿದ್ಲೇನೋ, ನೆನಪಿಲ್ಲ. ಅನ್ನೋಕಿಂತ ಮುಂಚೆ ನಾವೇ ಹಿಂದ ಕುಂತ್ಬಿಡೋದು. ಪಾಪ, ಅವರಿಗ್ಯಾಕ ಅನ್ನೋ ಕಷ್ಟ."

ಉಪ್ಪಿನಕಾಯಿ ಕೆಡದ ಹಾಗೆ ಇಡುವುದು ಹೇಗೆ ಎಂದು ಹೇಳಿಕೊಡುವ ದನಿಯಲ್ಲಿ ಹೇಳಿದರು. ದೂರಿರಲಿಲ್ಲ, ದುಃಖವಿರಲಿಲ್ಲ. ನಾನು ಕ್ಯಾಮೆರಾ ಎತ್ತಿ ಮತ್ತೆ ತೆಗೆಯತೊಡಗಿದೆ. ಮುಗಿಯುವ ತನಕ ಅಲ್ಲಿಂದ ಕದಲಲಿಲ್ಲ. ಯಾರೂ ನನ್ನ ಕೆನ್ನೆಗೆ ಅರಿಶಿಣ ಹಚ್ಚಲು ಬರಲಿಲ್ಲ. ಬರುವಷ್ಟು ಹತ್ತಿರ ನಾನೂ ಇರಲಿಲ್ಲ.

ಸಂಜೆ ಸ್ಟುಡಿಯೋದಲ್ಲಿ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಎಲ್ಲಾ ಇತ್ತು. ಮಣೆ, ತಟ್ಟೆ, ಆರತಿ, ಹುಡುಗಿ. ಯಾವುದೂ ತಪ್ಪಿರಲಿಲ್ಲ. ಆದರೆ ಪ್ರತಿಯೊಂದರಲ್ಲೂ ಆಶಾ ಯಾರದೋ ಎರಡು ಹೆಗಲ ಸಂದಿಯಲ್ಲಿದ್ದಳು. ಬೇಲಿಯಾಚೆ ನಿಂತು ಪರರ ಮನೆಯ ಕಾರ್ಯ ನೋಡಿದವರು ತೆಗೆದ ಹಾಗಿತ್ತು. ಮುಂಚಿನ ಆಲ್ಬಮ್ಮುಗಳಲ್ಲಿ ಹುಡುಗಿಯರು ನೇರ ನನ್ನ ಕಣ್ಣಿಗೆ ಕಣ್ಣಿಟ್ಟು ನಗುತ್ತಿದ್ದರು. ಇದರಲ್ಲಿ ಒಬ್ಬರೂ ನನ್ನ ಕಡೆ ನೋಡಿರಲಿಲ್ಲ. ನಾನು ಅಲ್ಲಿದ್ದೆ ಎಂಬುದಕ್ಕೆ ಆ ಫೋಟೋಗಳಲ್ಲಿ ಸಾಕ್ಷಿಯೇ ಇರಲಿಲ್ಲ.

ಮರಿಯವ್ವ ಪರದೆಯ ಮೇಲೆ ಕೆನ್ನೆ ಸವರಿದ್ದು ಒಂದೇ ಅವತ್ತಿನ ನಿಜವಾದ ಚಿತ್ರ. ಅದು ಇರಲಿಲ್ಲ. ಕ್ಯಾಮೆರಾ ತನ್ನ ಬೆನ್ನನ್ನು ತಾನು ತೆಗೆಯಲಾರದು.

ನನಗೆ ಸಿಟ್ಟು ಬಂತು. ಜೋರಾಗೇನೂ ಅಲ್ಲ. ಸೂಜಿಯ ಮಂಪರು ಇಳಿಯುವಾಗ ದವಡೆಯ ಮೂಲೆಯಲ್ಲಿ ಒಂದು ಕಡೆ ಚುಳ್ ಅನ್ನುತ್ತದಲ್ಲ, ಅಷ್ಟು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಹುಡುಕುವ ಗೋಜಿಗೂ ಹೋಗಲಿಲ್ಲ. ಲೆನ್ಸನ್ನು ಒರೆಸಿ ಬ್ಯಾಗಿಗೆ ಹಾಕಿದೆ.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ನಯೀಮ್‌ನ ಮುಂದೆ ನಿಂತಿದ್ದೆ.

"ಹೆಂಗೆ ಬಂತು ಅಕ್ಕ? ದೂರದಿಂದ ಸಿಕ್ತಾ?"

"ಎಲ್ಲಾ ಸಿಕ್ತು. ಇದು ಬ್ಯಾಡ. ಅದು ಕೊಡ್ರಿ, ಭಾರದ್ದು."

ನಯೀಮ್ ತಲೆ ಕೆರೆದುಕೊಂಡ. "ರಾಣೆಬೆನ್ನೂರಿನವನೊಬ್ಬ ಬರ್ತೀನಂತ ಹೇಳ್ಯಾನ ಅಕ್ಕ ಅದಕ್ಕ. ಇವತ್ತು ಮಧ್ಯಾಹ್ನ ಬರ್ತಾನ."

"ಅವನಿಗೆ ಇದನ್ನ ಕೊಡ್ರಿ. ಗಂಡಸು, ಎಲ್ಲಿ ನಿಂತು ತೆಗೆದ್ರೂ ನಡಿತೈತೆ. ಬೇಕಂದ್ರೆ ಸ್ಟೇಜ್ ಹತ್ತಿ ಹೋಗ್ತಾನ, ಬ್ಯಾಡಂದ್ರೆ ಕೆಳಗ ನಿಲ್ತಾನ. ನಂಗೆ ಹತ್ರ ಹೋಗ್ಲೇಬೇಕಾದ್ದು ಬೇಕು."

"ಹೋಗ್ಲೇಬೇಕಾದ್ದಾ?"

"ಹೂಂ. ಹಿಂದ ನಿಂತ್ರೆ ಏನೂ ಬರಬಾರದು, ಅಂಥದ್ದು."

ಲೆನ್ಸಿನ ಅಂಗಡಿಯಲ್ಲಿ ಜನ ಇದನ್ನೂ ಮಾಡುತ್ತದೆ, ಅದನ್ನೂ ಮಾಡುತ್ತದೆ ಎಂಬುದನ್ನು ಹುಡುಕಿಕೊಂಡು ಬರುತ್ತಾರೆ. ಇದು ಮಾಡಬಾರದು ಎಂದು ಕೇಳಿದವಳು ನಾನೇ ಮೊದಲಿಗಳಿರಬೇಕು. ಅವನು ಕಪಾಟಿನ ಬೀಗ ತೆಗೆದು, ಆ ದಪ್ಪ ಲೆನ್ಸನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟ. ರಾಣೆಬೆನ್ನೂರಿನವನಿಗೆ ಏನು ಹೇಳುವುದು ಎಂದು ಗೊಣಗುತ್ತಲೇ ಹಿಂದಿನ ಮುಚ್ಚಳ ಹುಡುಕಿ ಹಾಕಿದ.

"ಇದೂ ಟ್ರಯಲ್ಲಾ ಅಕ್ಕ?"

"ಅಲ್ಲ," ಎಂದು ದುಡ್ಡು ಕೊಟ್ಟೆ.

ಮದುವೆ ದಿನ ಹರಿಹರದ ಛತ್ರದಲ್ಲಿ ಕುರ್ಚಿಗಳು ಬೇಗ ತುಂಬಿದವು. ವಿಡಿಯೋದ ಪ್ರಶಾಂತ ಸ್ಟೇಜಿನ ಮೇಲೆ ತನ್ನ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿಕೊಂಡಿದ್ದ. ನಾನು ಸ್ಟೇಜಿನ ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಹತ್ತಲು ಕಾಲು ಬರುತ್ತಿರಲಿಲ್ಲ. ಹೆದರಿಕೆ ಎಂದು ಹೇಳಲಾರೆ. ಹೆದರಿಕೆಯಾದರೂ ಒಂದು ಅನ್ನಿಸುವಿಕೆ. ಇದು ಬರೀ ಕಾಲು. ಕಣ್ಣಿಗೆ ಕ್ಯಾಮೆರಾ ಇಟ್ಟೆ. ಅಲ್ಲಿಂದ ಹುಡುಗ-ಹುಡುಗಿ ಹೂವಿನ ರಾಶಿಯಲ್ಲಿ ಎರಡು ಚುಕ್ಕಿ. ರಿಂಗ್ ತಿರುಗಿಸಿದೆ. ಕೊನೆಗೆ, ಎಪ್ಪತ್ತಕ್ಕೆ ಬಂದು ಟಕ್ ಎಂದು ನಿಂತಿತು. ಮುಂದೆ ಹೋಗಲಿಲ್ಲ. ನಾನು ಕೇಳಿ ತಂದದ್ದೇ ಅದು. ಹತ್ತಿದೆ.

ತಾಳಿ ಕಟ್ಟುವ ಹೊತ್ತು. ಪುರೋಹಿತರು ತಾಳಿಯನ್ನು ತಟ್ಟೆಯಲ್ಲಿಟ್ಟು ಎಲ್ಲರಿಂದ ಮುಟ್ಟಿಸಿಕೊಂಡು ಬರಲು ಕೊಟ್ಟಿದ್ದರು. ಕೆಂಚವೀರಪ್ಪನವರ ತಂಗಿ ನೀಲಕ್ಕ ನನ್ನ ಪಕ್ಕಕ್ಕೆ ಬಂದರು. ಒಳ್ಳೆಯ ಹೆಂಗಸು. ಬೆಳಿಗ್ಗೆ ನನಗೆ ತಿಂಡಿ ತಂದುಕೊಟ್ಟವರು ಅವರೇ. ನನ್ನ ಮೊಣಕೈ ಹಿಡಿದು ಮೆಲ್ಲಗೆ ಹೇಳಿದರು.

"ತಾಯಿ, ಬ್ಯಾಸರ ಮಾಡ್ಕೋಬ್ಯಾಡ. ತಾಳಿ ಕಟ್ಟೋ ಟೈಮು ಒಂದೀಟು ಕೆಳಗ ನಿಂತು ತಗಿ."

ಒಂಬತ್ತು ತಿಂಗಳಿಂದ ನಾನು ಯಾವ ಮಾತಿನಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೆನೋ ಆ ಮಾತು ಇಷ್ಟೇ ಇತ್ತು.

"ಕೆಳಗಿಂದ ಸಿಗಲ್ಲರಿ ಈ ಲೆನ್ಸಿಗೆ," ಎಂದೆ. "ಇಲ್ಲೇ ನಿಲ್ಲಬೇಕು."

ನೀಲಕ್ಕ ಲೆನ್ಸನ್ನು ನೋಡಿದರು. ಅಷ್ಟು ದೊಡ್ಡ ಗಾಜು ಸುಳ್ಳು ಹೇಳಲಿಕ್ಕಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. "ಹೌದಾ? ಮಿಷನ್ನೇ ಹಂಗಾ?" ಎಂದರು. "ಹಂಗಾರೆ ನಿಲ್ಲವ್ವ, ಏನ್ ಮಾಡಾಕ ಬರ್ತೈತೆ." ನನ್ನ ಮೊಣಕೈ ಬಿಟ್ಟರು. ಮನುಷ್ಯರಿಗೆ ಬಿಡದ ದಾರಿಯನ್ನು ನಮ್ಮ ಜನ ಮಿಷನ್ನಿಗೆ ಬಿಡುತ್ತಾರೆ. ಎದುರಿಗೆ ಕೆಂಚವೀರಪ್ಪ ನಮ್ಮಿಬ್ಬರನ್ನೂ ನೋಡಿ, ನೋಡದವರ ಹಾಗೆ ಹೂವಿನ ಹಾರದ ಗಂಟು ಬಿಡಿಸತೊಡಗಿದರು.

ಗಟ್ಟಿಮೇಳ ಎದ್ದಿತು. ನಾನು ಆಶಾಳಿಂದ ಒಂದು ತೋಳಿನಷ್ಟು ದೂರದಲ್ಲಿ ಮಂಡಿಯೂರಿದ್ದೆ. ಹುಡುಗನ ಬೆರಳು ಗಂಟು ಹಾಕುವುದು, ಆಶಾಳ ಕತ್ತಿನ ಬೆವರು, ಅವಳು ಉಸಿರು ಬಿಗಿಹಿಡಿದದ್ದು ಎಲ್ಲಾ ಸಿಕ್ಕಿತು. ನಾಲ್ಕೂ ಕಡೆಯಿಂದ ಅಕ್ಷತೆ ಬಿತ್ತು. ನನ್ನ ತಲೆಯ ಮೇಲೂ ಬಿತ್ತು, ಕತ್ತಿನ ಹಿಂದೆ ರವಿಕೆಯೊಳಗೆ ಇಳಿಯಿತು, ಲೆನ್ಸಿನ ಮುಂದಿನ ಹುಡ್‌ನಲ್ಲಿ ನಾಲ್ಕು ಕಾಳು ಕೂತವು. ಎಸೆಯುವವರು ಆರಿಸಿ ಎಸೆಯುವುದಿಲ್ಲ.

ಆಮೇಲೆ ಗ್ರೂಪ್ ಫೋಟೋ. ಅದಕ್ಕೆ ನಾನು ಸ್ಟೇಜ್ ಇಳಿದು ಕೆಳಗೆ ನಿಂತೆ. ಹುಡುಗನ ಕಡೆಯವರು, ಊರಿನವರು, ಸೊಸೈಟಿಯವರು ಮುಗಿದು, ಕೊನೆಗೆ ಕೆಂಚವೀರಪ್ಪನವರ ಮನೆಯವರು ನಿಂತರು. ನೀಲಕ್ಕ ಸೆರಗು ಸರಿಮಾಡಿಕೊಂಡರು. ಆಶಾಳ ತಾಯಿ ಮೊದಲೇ ಅತ್ತು ಮೂಗು ಕೆಂಪು ಮಾಡಿಕೊಂಡಿದ್ದರು.

"ಎಲ್ಲಾ ಬಂದ್ರಾ?" ಎಂದೆ.

"ಎಲ್ಲಾ ಬಂದೀವಿ, ತಗೀರಿ," ಎಂದರು ಕೆಂಚವೀರಪ್ಪ.

ಇಪ್ಪತ್ನಾಲ್ಕಕ್ಕೆ ಇಟ್ಟೆ. ಎಲ್ಲರೂ ಹಿಡಿಸಿದರು. ಬೆರಳು ಬಟನ್ನಿನ ಮೇಲಿತ್ತು. ಕ್ಯಾಮೆರಾ ಇಳಿಸಿ, ಹಿಂದೆ ತಿರುಗಿ ಛತ್ರದ ಆ ಕೊನೆಗೆ ನೋಡಿದೆ. ಊಟದ ಹಾಲಿನ ಬಾಗಿಲ ಹತ್ತಿರ, ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ, ತಲೆ ಮೇಲೆ ಸೆರಗು ಹೊದ್ದು ಒಬ್ಬರು ಕೂತಿದ್ದರು. ಎಪ್ಪತ್ತಕ್ಕೆ ತಿರುಗಿಸಿ ನೋಡಿದೆ. ಅಕ್ಷತೆಯ ಕಾಳಿನಷ್ಟು ಕಂಡರು.

"ಒಂದ್ನಿಮಿಷ," ಎಂದು ಹೊರಟೆ.

ಖಾಲಿಯಾಗುತ್ತಿದ್ದ ಕುರ್ಚಿಗಳ ನಡುವೆ ನಡೆದೆ. ಹಿಂದೆ ಸ್ಟೇಜಿನ ಮೇಲೆ ಮನೆಯವರೆಲ್ಲ ನಗು ಹಿಡಿದುಕೊಂಡು ಹಾಗೇ ನಿಂತಿದ್ದರು. "ಎಲ್ಲಿಗೆ ಹೊಂಟ್ರೀ?" ಎಂದು ಪ್ರಶಾಂತ ಕೂಗಿದ. ಛತ್ರ ಉದ್ದವಿತ್ತು. ನಾನು ಮರಿಯವ್ವನವರ ಮುಂದೆ ಹೋಗಿ ನಿಂತಾಗ ಅವರು ಮಡಿಲಲ್ಲಿದ್ದ ಬಾಳೆಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡರು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

"ಇಷ್ಟು ದೂರ ಯಾಕ ಬಂದಿ ತಾಯಿ?"

"ಅಲ್ಲಿಂದ ನೀವು ಸಿಗಲ್ಲ ಅಜ್ಜಿ. ಈ ಲೆನ್ಸು ಎಳಿಯಲ್ಲ."

ಅವರು ಸ್ಟೇಜಿನ ಕಡೆ ನೋಡಿದರು. ಅಲ್ಲಿ ನಿಂತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಮತ್ತೆ ನನ್ನ ಮುಖ ನೋಡಿದರು.

"ಕರೆದಿದ್ರೆ ನಾನೇ ಬರ್ತಿದ್ನಲ್ಲ," ಎಂದರು.

ಹಿಂದೆ ಕೂರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮುಂದೆ ಬಾ ಎಂದೂ ಯಾರೂ ಹೇಳಿರಲಿಲ್ಲ. ನನಗೂ ಅಷ್ಟೇ. ನಾನೂ ಬರುತ್ತಿದ್ದೆ. ಒಬ್ಬರು, ಯಾರಾದರೂ ಒಬ್ಬರು, ಆ ಪಡಸಾಲೆಯಲ್ಲಿ "ಇವಳಿಗೂ ಹಚ್ರೇ" ಅಂದಿದ್ದರೆ ನಾನು ಆ ಚಾಪೆಯಷ್ಟು ಜಾಗ ದಾಟಿ ಓಡಿಹೋಗುತ್ತಿದ್ದೆ.

"ಬರ್ರಿ ಅಜ್ಜಿ," ಎಂದೆ. ಬಗ್ಗಿ ಮತ್ತೆ ಹೇಳಿದೆ. "ಫೋಟೋಕ್ಕ ಬರ್ರಿ."

ಅವರು ಬಾಳೆಹಣ್ಣನ್ನು ಕುರ್ಚಿಯ ಮೇಲಿಟ್ಟು ಎದ್ದರು. ಕೈ ಹಿಡಿಯಲು ಹೋದೆ, ಬೇಕಾಗಲಿಲ್ಲ. ನನಗಿಂತ ಮುಂದೆ, ನನಗಿಂತ ಬೇಗ ನಡೆದರು. ಮೆಟ್ಟಿಲು ಹತ್ತಿ, ಅಭ್ಯಾಸಬಲದಿಂದ, ಸಾಲಿನ ಕೊಟ್ಟಕೊನೆಗೆ ಹೋಗಿ ನಿಂತರು. ನೀಲಕ್ಕ ಸುಮ್ಮನೆ ಒಂದು ಹೆಜ್ಜೆ ಸರಿದು ಜಾಗ ಕೊಟ್ಟರು.

"ಅಂಚಿನಾಗ ಬ್ಯಾಡ," ಎಂದೆ ಕೆಳಗಿನಿಂದ. "ಅಂಚಿನಾಗ ನಿಂತ್ರೆ ಮುಖ ಅಗಲ ಬರ್ತೈತೆ. ಅಜ್ಜಿನ್ನ ನಡುವ ನಿಲ್ಲಿಸ್ರಿ, ಆಶಾಳ ಪಕ್ಕ."

ಕೆಂಚವೀರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ "ಬಾ ಅವ್ವ" ಎಂದು ತಾಯಿಯ ರಟ್ಟೆ ಹಿಡಿದು ನಡುವಿಗೆ ಕರೆತಂದರು. ಆಶಾ ಅಜ್ಜಿಯ ಹೆಗಲ ಮೇಲೆ ಗದ್ದ ಇಟ್ಟಳು. ಮರಿಯವ್ವ ಕೈ ಎತ್ತಿ ಅವಳ ಕೆನ್ನೆ ಮುಟ್ಟಿದರು. ಆಚೀಚೆ ನೋಡಲಿಲ್ಲ.

ನಾನು ಕಣ್ಣಿಗೆ ಕ್ಯಾಮೆರಾ ಇಟ್ಟೆ. ಎಲ್ಲಾ ಮಸುಕಾಗಿತ್ತು. ಹೊಸ ಲೆನ್ಸಿನಲ್ಲೂ ಫಂಗಸ್ಸೇ ಎಂದುಕೊಂಡು ಸೆರಗಿನಿಂದ ಕಣ್ಣಿಡುವ ಕಡೆಯ ಗಾಜು ಒರೆಸಿದೆ. ಮತ್ತೆ ಇಟ್ಟೆ. ಮತ್ತೆ ಮಸುಕು. ಕೆನ್ನೆಯ ಮೇಲೆ ಬಿಸಿಯಾಗಿ ಇಳಿಯುತ್ತಿದ್ದದ್ದು ತುಟಿಗೆ ಬಂದು ಉಪ್ಪಾಗಿ ಹತ್ತಿದಾಗ ಗೊತ್ತಾಯಿತು. ನನ್ನದೇ ಕೆನ್ನೆ. ಮಾಲತೇಶ್ ಹೋದಾಗ ಬಾರದ ಅಳು, ಅವರ ಬಟ್ಟೆ ಮಡಚಿಟ್ಟಾಗ ಬಾರದ ಅಳು ಯಾರದೋ ಮದುವೆಯ ಛತ್ರದಲ್ಲಿ, ಬಾಡಿಗೆಯ ಹೂವಿನ ಸ್ಟೇಜಿನ ಮುಂದೆ ಬಂತು. ನಿಲ್ಲಿಸಲು ನೋಡಿದೆ, ಆಗಲಿಲ್ಲ.

"ತಗಿಯವ್ವ," ಎಂದರು ನೀಲಕ್ಕ ಮೇಲಿನಿಂದ, ಮೆತ್ತಗೆ.

ಬೆರಳು ಅರ್ಧ ಒತ್ತಿದೆ. ನನಗೆ ಏನೂ ಕಾಣುತ್ತಿರಲಿಲ್ಲ. ಲೆನ್ಸು ಒಂದು ಸಲ ಆಚೆಗೆ ಹೋಗಿ ಈಚೆಗೆ ಬಂದು, ಅವರ ಮುಖಗಳನ್ನು ತಾನೇ ಹುಡುಕಿಕೊಂಡು, ಪಿಪ್ ಎಂದಿತು. ನಾನು ಪೂರ್ತಿ ಒತ್ತಿದೆ.